ಗಿಲ್ಬರ್ಟ್ ಕೋಶವನ್ನು ಕೈಯಾರೆ ಕಟ್ಟಿ ಅರಿಯುವ ಬಗೆ

ಎರಡು ಸಂಕೇತಗಳನ್ನು ಒಂದರೊಡನೊಂದು ಗುಣಿಸಬಲ್ಲ ಆರು ಟ್ರಾನ್ಸಿಸ್ಟರ್‌ಗಳ ಜೋಡಣೆಯೊಂದು ರೇಡಿಯೊ ಐಸಿಗಳ, ಅಂದರೆ ಒಂದೇ ಸಿಲಿಕಾನ್ ಚೂರಿನ ಮೇಲೆ ಕಟ್ಟಿದ ಸರ್ಕ್ಯೂಟುಗಳ, ಲೋಕದಲ್ಲಿ ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಬಳಕೆಯಲ್ಲಿದೆ. ಅದನ್ನು ಎಲ್ಲರೂ ಗಿಲ್ಬರ್ಟ್ ಕೋಶ ಎಂದೇ ಕರೆಯುತ್ತಾರೆ. ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ 1937ರಲ್ಲಿ ಹುಟ್ಟಿದ ಬ್ಯಾರಿ ಗಿಲ್ಬರ್ಟ್ 1964ರಲ್ಲಿ ಅಮೆರಿಕಕ್ಕೆ ಹೋಗಿ, ಆರಿಗನ್ ರಾಜ್ಯದಲ್ಲಿದ್ದ ಆಸಿಲೋಸ್ಕೋಪ್ ತಯಾರಕರಾದ ಟೆಕ್‌ಟ್ರಾನಿಕ್ಸ್ ಕಂಪನಿಯನ್ನು ಸೇರಿದರು. ಒಂದು ನ್ಯಾನೋಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಉತ್ತರ ಕೊಡುವ, ಧನ ಮತ್ತು ಋಣ ಚಿಹ್ನೆಗಳೆರಡನ್ನೂ ಗೌರವಿಸುವ ನಿಖರ ಗುಣಾಕಾರ ಸರ್ಕ್ಯೂಟನ್ನು ಅವರು 1968ರ ಡಿಸೆಂಬರ್‌ನಲ್ಲಿ ಐಇಇಇ ಸಂಸ್ಥೆಯ ಪತ್ರಿಕೆಯಲ್ಲಿ ವಿವರಿಸಿದರು. ಇದೇ ಬಗೆಯ ಅಡ್ಡಜೋಡಣೆಯನ್ನು 1963ರಲ್ಲಿಯೇ ಹೊವರ್ಡ್ ಜೋನ್ಸ್ ಎಂಬುವರು ಬಳಸಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು. ಗಿಲ್ಬರ್ಟ್ ಅದನ್ನು ಸ್ವತಂತ್ರವಾಗಿ ಕಂಡುಕೊಂಡು ಬಹಳ ಮುಂದಕ್ಕೆ ಒಯ್ದರು.

ಪಠ್ಯಪುಸ್ತಕದ ಚಿತ್ರವನ್ನು ಎಷ್ಟು ಸಲ ನೋಡಿದರೂ ಈ ಸರ್ಕ್ಯೂಟಿನ ಮರ್ಮ ಸುಲಭಕ್ಕೆ ಮನಸ್ಸಿಗೆ ಇಳಿಯುವುದಿಲ್ಲ. ಆದ್ದರಿಂದ ಇಲ್ಲಿ ಎರಡು ಕಟ್ಟೋಣಗಳನ್ನು ಸೂಚಿಸುತ್ತೇನೆ. ಮೊದಲನೆಯದು ಆರು ಬಿಡಿ ಟ್ರಾನ್ಸಿಸ್ಟರ್‌ಗಳಿಂದ ಕಡಿಮೆ ಆವರ್ತನದಲ್ಲಿ ಕೆಲಸ ಮಾಡುವ ಕೋಶ, ಎರಡನೆಯದು ಅದೇ ಕೋಶವನ್ನು ಒಡಲಲ್ಲಿಟ್ಟುಕೊಂಡ ಎಸ್‌ಎ612 ಐಸಿಯಿಂದ 7 ಮೆಗಾಹರ್ಟ್ಸ್ ಹವ್ಯಾಸಿ ರೇಡಿಯೊ ಪಟ್ಟಿಯನ್ನು ಆಲಿಸುವ ರಿಸೀವರ್. ಮೊದಲನೆಯದರಲ್ಲಿ ಏನು ಕೈಕೊಡುತ್ತದೆ ಎಂಬುದನ್ನು ಕಣ್ಣಾರೆ ಕಂಡವರಿಗೆ ಎರಡನೆಯದು ಏಕೆ ಅಷ್ಟು ಸಲೀಸಾಗಿ ಕೆಲಸ ಮಾಡುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ದಯವಿಟ್ಟು ಮೊದಲನೆಯದನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಹೋಗಬೇಡಿ.

ಕಟ್ಟುವ ಮೊದಲು ತಿಳಿದಿರಬೇಕಾದದ್ದು

ಟ್ರಾನ್ಸಿಸ್ಟರಿಗೆ ಬೇಸ್, ಎಮಿಟರ್, ಕಲೆಕ್ಟರ್ ಎಂಬ ಮೂರು ಕಾಲುಗಳಿವೆ. ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜನ್ನು ಕೋಣೆಯ ತಾಪಮಾನದಲ್ಲಿ ಸುಮಾರು 60 ಮಿಲಿವೋಲ್ಟ್ ಹೆಚ್ಚಿಸಿದರೆ ಕಲೆಕ್ಟರ್ ಪ್ರವಾಹ ಹತ್ತು ಪಟ್ಟು ಏರುತ್ತದೆ. ಇಂತಹ ಎರಡು ಟ್ರಾನ್ಸಿಸ್ಟರ್‌ಗಳ ಎಮಿಟರ್‌ಗಳನ್ನು ಒಟ್ಟುಗೂಡಿಸಿ, ಅವೆರಡೂ ಒಂದೇ ಪ್ರವಾಹವನ್ನು ಹಂಚಿಕೊಳ್ಳುವಂತೆ ಮಾಡಿದಾಗ, ಬೇಸ್‌ಗಳ ನಡುವಿನ ವ್ಯತ್ಯಾಸ 10 ಮಿಲಿವೋಲ್ಟ್ ಇರುವವರೆಗೆ ಹಂಚಿಕೆ ಹೆಚ್ಚುಕಡಿಮೆ ಸರಳರೇಖೆಯಲ್ಲಿ ಸಾಗುತ್ತದೆ ಮತ್ತು ದೋಷ ಶೇಕಡಾ ಒಂದರ ಆಸುಪಾಸಿನಲ್ಲಿರುತ್ತದೆ. ಅದನ್ನು ದಾಟಿದ ಮೇಲೆ ರೇಖೆ ಬಾಗುತ್ತದೆ. ವ್ಯತ್ಯಾಸ 100 ಮಿಲಿವೋಲ್ಟ್ ಮುಟ್ಟುವ ಹೊತ್ತಿಗೆ ಸುಮಾರು ಶೇಕಡಾ 98ರಷ್ಟು ಪ್ರವಾಹ ಒಂದೇ ಬದಿಗೆ ವಾಲಿರುತ್ತದೆ, ಅಂದರೆ ಜೋಡಿಯು ಸ್ವಿಚ್ಚಿನಂತೆ ವರ್ತಿಸತೊಡಗುತ್ತದೆ.

ಈ ಬಾಗನ್ನು ದೋಷವೆಂದು ಬಗೆದು ಎಮಿಟರ್‌ಗೆ ರೆಸಿಸ್ಟರ್ ಸೇರಿಸಿ ನೇರಗೊಳಿಸುವುದು ವಾಡಿಕೆಯ ಕ್ರಮ. ಗಿಲ್ಬರ್ಟ್ ಆ ಬಾಗನ್ನೇ ಬಳಸಿಕೊಂಡರು. ಒಳಬರುವ ಸಂಕೇತವನ್ನು ಮೊದಲು ಪ್ರವಾಹವಾಗಿಸಿ, ಡಯೋಡಿನಂತೆ ಜೋಡಿಸಿದ ಟ್ರಾನ್ಸಿಸ್ಟರ್‌ಗಳ ಮೂಲಕ ಹಾಯಿಸಿದರೆ ಅಲ್ಲಿ ಹುಟ್ಟುವ ವೋಲ್ಟೇಜ್ ಆ ಪ್ರವಾಹದ ಲಾಗರಿದಮ್ ಆಗಿರುತ್ತದೆ. ಆ ವೋಲ್ಟೇಜನ್ನು ಘಾತೀಯ ಗುಣವುಳ್ಳ ಇನ್ನೊಂದು ಜೋಡಿಗೆ ಕೊಟ್ಟಾಗ ಎರಡು ಬಾಗುಗಳೂ ಒಂದನ್ನೊಂದು ಅಳಿಸಿಹಾಕುತ್ತವೆ, ಅದರೊಡನೆ ತಾಪಮಾನದ ಪ್ರಭಾವವೂ ಅಳಿಯುತ್ತದೆ, ಉಳಿಯುವುದು ಪ್ರವಾಹಗಳ ಅನುಪಾತ ಮಾತ್ರ. ಈ ವಿಧಾನದಲ್ಲಿ ಸರ್ಕ್ಯೂಟಿನ ಒಳಗಿನ ಬಿಂದುಗಳ ವೋಲ್ಟೇಜ್ ಕೆಲವೇ ಹತ್ತು ಮಿಲಿವೋಲ್ಟ್‌ಗಳಷ್ಟು ಅಲುಗಾಡುತ್ತದೆ. ಅಲ್ಲಲ್ಲಿ ಅಡಗಿರುವ ಬೇಡದ ಕೆಪಾಸಿಟೆನ್ಸನ್ನು ಪ್ರತಿ ಸಲ ದೊಡ್ಡ ವೋಲ್ಟೇಜಿಗೆ ತುಂಬಿ ಖಾಲಿ ಮಾಡುವ ಹೊರೆ ಇಲ್ಲದಿರುವುದರಿಂದಲೇ ವೇಗ ಬರುತ್ತದೆ. ಇಂತಹ ಸರ್ಕ್ಯೂಟುಗಳ ಇಡೀ ಕುಲಕ್ಕೆ ಅವರು 1975ರಲ್ಲಿ ಟ್ರಾನ್ಸ್‌ಲೀನಿಯರ್ ಎಂಬ ಹೆಸರನ್ನು ಕೊಟ್ಟರು.

ಇದಕ್ಕೆಲ್ಲ ಒಂದು ಷರತ್ತಿದೆ. ಟ್ರಾನ್ಸಿಸ್ಟರ್‌ಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರಬೇಕು, ಒಂದೇ ತಾಪಮಾನದಲ್ಲಿರಬೇಕು. ಈ ಷರತ್ತು ಎಷ್ಟು ಕಠಿಣ ಎಂಬುದನ್ನು ಮೊದಲ ಕಟ್ಟೋಣ ತೋರಿಸುತ್ತದೆ.

ಮೊದಲ ಕಟ್ಟೋಣ: ಆರು ಟ್ರಾನ್ಸಿಸ್ಟರ್‌ಗಳ ಕೋಶ

ಬಿಸಿ547 ಟ್ರಾನ್ಸಿಸ್ಟರ್‌ಗಳನ್ನು ಆರರ ಬದಲು ಇಪ್ಪತ್ತು ಕೊಳ್ಳಿರಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವು ಸುಲಭವಾಗಿ ಸಿಗುತ್ತವೆ. ಮಲ್ಟಿಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಪ್ರತಿಯೊಂದರ ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜನ್ನು ಅಳೆದು ಬರೆದಿಟ್ಟುಕೊಂಡು, ಒಂದಕ್ಕೊಂದು ಅತಿ ಹತ್ತಿರವಿರುವ ಆರನ್ನು ಆರಿಸಿರಿ. ಅಳೆಯುವಾಗ ಟ್ರಾನ್ಸಿಸ್ಟರನ್ನು ಬೆರಳಿನಿಂದ ಹಿಡಿಯಬಾರದು. ಒಂದು ಡಿಗ್ರಿ ಬಿಸಿಯಾದರೆ ಆ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ನೀವು ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟೇ ಚಿಕ್ಕದು.

ಆರಿಸಿದವುಗಳನ್ನು ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಹಲಗೆಯ) ಮೇಲೆ ಕೂರಿಸಿ 1ರಿಂದ 6ರವರೆಗೆ ಸಂಖ್ಯೆ ಕೊಡಿ. 5 ಮತ್ತು 6 ಕೆಳಗಿನ ಜೋಡಿ, ಉಳಿದ ನಾಲ್ಕು ಮೇಲಿನ ಅಂತಸ್ತು. 1 ಮತ್ತು 2ರ ಎಮಿಟರ್‌ಗಳನ್ನು ಕೂಡಿಸಿ 5ರ ಕಲೆಕ್ಟರಿಗೆ, 3 ಮತ್ತು 4ರ ಎಮಿಟರ್‌ಗಳನ್ನು ಕೂಡಿಸಿ 6ರ ಕಲೆಕ್ಟರಿಗೆ ಸೇರಿಸಿರಿ. 1 ಮತ್ತು 4ರ ಬೇಸ್‌ಗಳು ಒಂದು ಕಡೆ, 2 ಮತ್ತು 3ರ ಬೇಸ್‌ಗಳು ಇನ್ನೊಂದು ಕಡೆ ಕೂಡಬೇಕು. ಕಲೆಕ್ಟರ್‌ಗಳನ್ನು ಮಾತ್ರ ಅಡ್ಡಲಾಗಿ ಜೋಡಿಸಬೇಕು: 1 ಮತ್ತು 3 ಒಟ್ಟಿಗೆ, 2 ಮತ್ತು 4 ಒಟ್ಟಿಗೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. 1 ಮತ್ತು 4ರ ಕಲೆಕ್ಟರ್‌ಗಳನ್ನು ಕೂಡಿಸಿಬಿಟ್ಟರೆ ಮೇಲಿನ ಅಂತಸ್ತಿಗೆ ಕೊಡುವ ಹೆಚ್ಚಿನ ಆವರ್ತನದ ತರಂಗ, ಅಂದರೆ ವಾಹಕ ತರಂಗ, ಮಾತ್ರ ಹೊರಬಂದು, ಕೆಳಜೋಡಿಗೆ ಕೊಟ್ಟ ಸಂಕೇತದ ಸುಳಿವೇ ಇರುವುದಿಲ್ಲ. ಅಂತಹ ಲಕ್ಷಣ ಕಂಡರೆ ಬೇರೆಲ್ಲೂ ಹುಡುಕದೆ ಈ ತಂತಿಗಳನ್ನು ನೋಡಿರಿ.

ಎರಡು ಕಲೆಕ್ಟರ್ ಕೂಡುಗಳಿಂದ 12 ವೋಲ್ಟ್ ಪೂರೈಕೆಗೆ ತಲಾ 2.2 ಕಿಲೋಓಮ್ ರೆಸಿಸ್ಟರ್ ಹಾಕಿರಿ. 5 ಮತ್ತು 6ರ ಎಮಿಟರ್‌ಗಳ ನಡುವೆ 200 ಓಮ್‌ನ ಟ್ರಿಮ್‌ಪಾಟ್ (ತಿರುಗಿಸಿ ಬದಲಿಸಬಲ್ಲ ಸಣ್ಣ ರೋಧ) ಇಟ್ಟು, ಅದರ ನಡುಗಾಲಿನಿಂದ 820 ಓಮ್ ರೆಸಿಸ್ಟರನ್ನು ಗ್ರೌಂಡಿಗೆ ಇಳಿಸಿರಿ. ಬೇಸ್‌ಗಳಿಗೆ ಬೇಕಾದ ಸ್ಥಿರ ವೋಲ್ಟೇಜಿಗಾಗಿ 12 ವೋಲ್ಟಿನಿಂದ ಗ್ರೌಂಡಿನವರೆಗೆ 6.8, 3.3 ಮತ್ತು 2.7 ಕಿಲೋಓಮ್‌ಗಳನ್ನು ಇದೇ ಅನುಕ್ರಮದಲ್ಲಿ ಸರಣಿಯಾಗಿ ಜೋಡಿಸಿರಿ. ಮೇಲಿನ ಕೂಡಿನಲ್ಲಿ ಸುಮಾರು 5.6 ವೋಲ್ಟ್, ಕೆಳಗಿನದರಲ್ಲಿ ಸುಮಾರು 2.5 ವೋಲ್ಟ್ ಸಿಗುತ್ತದೆ. ಎರಡಕ್ಕೂ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಅಲ್ಲಿಂದ ತಲಾ 1 ಕಿಲೋಓಮ್ ಮೂಲಕ ಮೇಲಿನ ಎರಡು ಬೇಸ್ ಗುಂಪುಗಳಿಗೂ ಕೆಳಗಿನ ಎರಡು ಬೇಸ್‌ಗಳಿಗೂ ವೋಲ್ಟೇಜ್ ಕೊಡಿರಿ. ಎಲ್ಲ ಸರಿಯಿದ್ದರೆ 820 ಓಮ್ ಮೇಲೆ ಸುಮಾರು 1.8 ವೋಲ್ಟ್ ಇರಬೇಕು, ಅಂದರೆ ಕೋಶದ ಒಟ್ಟು ಪ್ರವಾಹ 2 ಮಿಲಿಆಂಪಿಯರಿಗಿಂತ ತುಸು ಹೆಚ್ಚು. ಎರಡು ಔಟ್‌ಪುಟ್‌ಗಳೂ 9.5 ವೋಲ್ಟಿನ ಆಸುಪಾಸಿನಲ್ಲಿರಬೇಕು.

ಮೇಲಿನ ಅಂತಸ್ತಿಗೆ ವಾಹಕ ತರಂಗ ಬೇಕು. ಅದಕ್ಕೆ ಎಸ್‌ಐ5351 ಎಂಬ ಸಣ್ಣ ಗಡಿಯಾರ ಮಾಡ್ಯೂಲನ್ನು ಆರ್ಡುಯಿನೋ ಎಂಬ ಪ್ರೋಗ್ರಾಮ್ ಮಾಡಬಲ್ಲ ಸಣ್ಣ ಬೋರ್ಡಿನೊಡನೆ ಬಳಸಿ 100 ಕಿಲೋಹರ್ಟ್ಸ್ ಹುಟ್ಟಿಸಿರಿ, ಇದೇ ಮಾಡ್ಯೂಲ್ ಎರಡನೆಯ ಕಟ್ಟೋಣಕ್ಕೂ ಬೇಕಾಗುತ್ತದೆ. ಅದರ ಔಟ್‌ಪುಟ್ ಸುಮಾರು 3 ವೋಲ್ಟಿನ ಚೌಕ ತರಂಗ. ನಮಗೆ ಅದರ ಹತ್ತನೆಯ ಒಂದು ಭಾಗ ಸಾಕಾದ್ದರಿಂದ 1 ಕಿಲೋಓಮ್ ಮತ್ತು 100 ಓಮ್‌ಗಳಿಂದ ವಿಭಜಿಸಿ, 0.1 ಮೈಕ್ರೋಫ್ಯಾರಡ್ ಮೂಲಕ ಮೇಲಿನ ಒಂದು ಬೇಸ್ ಗುಂಪಿಗೆ ಕೊಡಿರಿ. ಇನ್ನೊಂದು ಗುಂಪಿಗೆ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಹಾಕಬೇಕು. ಕೆಳಗೆ, 5ರ ಬೇಸಿಗೆ 1 ಮೈಕ್ರೋಫ್ಯಾರಡ್ ಮೂಲಕ 1 ಕಿಲೋಹರ್ಟ್ಸ್ ಧ್ವನಿಸಂಕೇತ, 6ರ ಬೇಸಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್. ಧ್ವನಿಸಂಕೇತಕ್ಕೆ ಬೇರೆ ಉಪಕರಣ ಕೊಳ್ಳಬೇಕಿಲ್ಲ, ಮೊಬೈಲಿನ ಹೆಡ್‌ಫೋನ್ ಔಟ್‌ಪುಟ್ಟಿನಿಂದ ಟೋನ್ ಆ್ಯಪ್ ಮೂಲಕ ತೆಗೆದುಕೊಂಡು ಗರಿಷ್ಠ 100 ಮಿಲಿವೋಲ್ಟಿಗೆ ಮಿತಗೊಳಿಸಿದರಾಯಿತು. ನಮ್ಮ ಕೆಳಜೋಡಿಯಲ್ಲಿ ಗಿಲ್ಬರ್ಟರ ಲಾಗರಿದಮ್ ಉಪಾಯವಿಲ್ಲ, ಟ್ರಿಮ್‌ಪಾಟಿನ ರೋಧವೇ ಅದನ್ನು ನೇರಗೊಳಿಸುತ್ತದೆ. ಬಿಡಿ ಟ್ರಾನ್ಸಿಸ್ಟರ್‌ಗಳಲ್ಲಿ ಆ ಉಪಾಯ ಏಕೆ ನಿಲ್ಲದು ಎಂಬುದು ಇನ್ನು ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತದೆ.

ಮೊದಲು ಧ್ವನಿಸಂಕೇತವನ್ನು ತೆಗೆದುಹಾಕಿ, ವಾಹಕವನ್ನು ಮಾತ್ರ ಕೊಟ್ಟು, ಒಂದು ಔಟ್‌ಪುಟ್ಟಿನಲ್ಲಿ ಆಸಿಲೋಸ್ಕೋಪ್ ಇಡಿ. 100 ಕಿಲೋಹರ್ಟ್ಸ್ ತರಂಗ ಸ್ವಲ್ಪ ಕಾಣುತ್ತದೆ. ಟ್ರಿಮ್‌ಪಾಟನ್ನು ಬಹಳ ನಿಧಾನವಾಗಿ ತಿರುಗಿಸುತ್ತ ಹೋದರೆ ಅದು ಕುಗ್ಗಿ ಒಂದು ಕಡೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಅಲ್ಲಿ 5 ಮತ್ತು 6ರ ಪ್ರವಾಹಗಳು ಸಮವಾಗಿವೆ ಎಂದರ್ಥ. ಈಗ ಧ್ವನಿಸಂಕೇತ ಕೊಡಿರಿ. ವಾಹಕವು ಧ್ವನಿಯ ಆಕಾರದಲ್ಲಿ ಉಬ್ಬಿ ಇಳಿಯುತ್ತ, ಧ್ವನಿ ಸೊನ್ನೆಯನ್ನು ದಾಟುವ ಪ್ರತಿ ಕ್ಷಣದಲ್ಲೂ ತನ್ನ ಚಿಹ್ನೆಯನ್ನು ಬದಲಿಸಿಕೊಳ್ಳುವುದನ್ನು ನೋಡುವಿರಿ. ಋಣ ಸಂಖ್ಯೆಯಿಂದ ಗುಣಿಸಿದಾಗ ಉತ್ತರದ ಚಿಹ್ನೆ ಬದಲಾಗುವುದು ಅಲ್ಲಿ ಪರದೆಯ ಮೇಲೆಯೇ ಕಾಣುತ್ತದೆ. ಧ್ವನಿ ಮತ್ತು ವಾಹಕ ಎರಡೂ ಔಟ್‌ಪುಟ್ಟಿನಲ್ಲಿ ಪ್ರತ್ಯೇಕವಾಗಿ ಉಳಿದಿಲ್ಲ, ಅವುಗಳ ಮೊತ್ತ ಮತ್ತು ವ್ಯತ್ಯಾಸಗಳಾದ 101 ಮತ್ತು 99 ಕಿಲೋಹರ್ಟ್ಸ್‌ಗಳು ಹುಟ್ಟಿವೆ. ವಾಹಕ ಚೌಕ ತರಂಗವಾದ್ದರಿಂದ ಅದರ ಬೆಸ ಗುಣಕಗಳ ಸುತ್ತಲೂ ಇದೇ ಬಗೆಯ ಜೋಡಿಗಳಿರುತ್ತವೆ.

ಮುಂದಿನ ಪ್ರಯೋಗವೇ ಈ ಕಟ್ಟೋಣದ ಜೀವಾಳ. ಧ್ವನಿಸಂಕೇತವನ್ನು ಮತ್ತೆ ತೆಗೆದು, ವಾಹಕ ಮಾಯವಾಗುವಂತೆ ಟ್ರಿಮ್‌ಪಾಟನ್ನು ಹೊಂದಿಸಿ, 5ನೆಯ ಟ್ರಾನ್ಸಿಸ್ಟರಿನ ಮೇಲೆ ಬೆರಳನ್ನು ಮೆಲ್ಲಗೆ ಇಡಿ. ಕೆಲವು ಸೆಕೆಂಡುಗಳಲ್ಲಿ ವಾಹಕ ಮತ್ತೆ ತಲೆಯೆತ್ತುತ್ತದೆ, ಬೆರಳು ತೆಗೆದರೆ ನಿಧಾನವಾಗಿ ಅಡಗುತ್ತದೆ. ಐದು ಡಿಗ್ರಿಯ ವ್ಯತ್ಯಾಸವೆಂದರೆ 10 ಮಿಲಿವೋಲ್ಟ್. ಎಮಿಟರ್ ರೋಧ ಇರುವ ಈ ಸರ್ಕ್ಯೂಟಿನಲ್ಲಿ ಅದು ಪ್ರವಾಹಗಳನ್ನು ಶೇಕಡಾ ನಾಲ್ಕರಷ್ಟು ಕದಲಿಸಿದರೆ, ರೋಧವಿಲ್ಲದ ನಿಜವಾದ ಟ್ರಾನ್ಸ್‌ಲೀನಿಯರ್ ಜೋಡಿಯಲ್ಲಿ ಒಂದರ ಪ್ರವಾಹ ಇನ್ನೊಂದರದಕ್ಕಿಂತ ಸುಮಾರು ಶೇಕಡಾ 47ರಷ್ಟು ಹೆಚ್ಚಾಗಿಬಿಡುತ್ತದೆ. ನಂತರ 5 ಮತ್ತು 6ರ ಚಪ್ಪಟೆ ಮುಖಗಳನ್ನು ಒಂದಕ್ಕೊಂದು ತಾಗಿಸಿ ಅಂಟಿಸಿ ಇದೇ ಪ್ರಯೋಗ ಮಾಡಿದರೆ ಏರುಪೇರು ಬಹಳ ತಗ್ಗುತ್ತದೆ. ಒಂದೇ ಸಿಲಿಕಾನ್ ಚೂರಿನ ಮೇಲೆ ಕೆಲವೇ ಮೈಕ್ರೋಮೀಟರ್ ಅಂತರದಲ್ಲಿ, ಒಂದೇ ಸಲಕ್ಕೆ ಹುಟ್ಟಿದ ಟ್ರಾನ್ಸಿಸ್ಟರ್‌ಗಳು ಈ ಅಂಟಿಸುವಿಕೆಯ ಕೊನೆಯ ಮೆಟ್ಟಿಲು. ಗಿಲ್ಬರ್ಟರ ಆವಿಷ್ಕಾರ ಐಸಿಯ ಒಳಗೇ ಹುಟ್ಟಬೇಕಾಗಿತ್ತು ಎಂದು ನಾನು ನಂಬುವುದು ಈ ಬೆರಳಿನ ಪ್ರಯೋಗದ ಬಲದಿಂದಲೇ.

ಎರಡನೆಯ ಕಟ್ಟೋಣ: 7 ಮೆಗಾಹರ್ಟ್ಸ್ ರಿಸೀವರ್

ಎಸ್‌ಎ612 ಎಂಟು ಪಿನ್‌ಗಳ ಐಸಿ. ಹಳೆಯ ಎನ್‌ಇ602 ಇದರ ಹಿರಿಯ ಸೋದರ. ಒಳಗೆ ಗಿಲ್ಬರ್ಟ್ ಕೋಶ, ಅದಕ್ಕೆ ಬೇಕಾದ ಸ್ಥಿರ ವೋಲ್ಟೇಜ್‌ಗಳು ಮತ್ತು ಆಸಿಲೇಟರಿಗಾಗಿ ಒಂದು ಟ್ರಾನ್ಸಿಸ್ಟರ್ ಇವೆ. ಇನ್‌ಪುಟ್ 500 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡುತ್ತದೆ, ಪೂರೈಕೆಯ ಪ್ರವಾಹ 2.4 ಮಿಲಿಆಂಪಿಯರ್ ಮಾತ್ರ. ಪೂರೈಕೆ 4.5ರಿಂದ 8 ವೋಲ್ಟ್‌ಗಳ ನಡುವೆ ಇರಬೇಕಾದ್ದರಿಂದ 78ಎಲ್06 ರೆಗ್ಯುಲೇಟರಿನಿಂದ 6 ವೋಲ್ಟ್ ಕೊಡುವುದು ಉತ್ತಮ. 12 ವೋಲ್ಟನ್ನು ನೇರವಾಗಿ ಕೊಟ್ಟರೆ ಐಸಿ ಸುಟ್ಟುಹೋಗುತ್ತದೆ.

ಈ ಸಲ ಬ್ರೆಡ್‌ಬೋರ್ಡ್ ಬೇಡ. ಅದರ ಅಕ್ಕಪಕ್ಕದ ಸಾಲುಗಳ ನಡುವೆ ಕೆಲವು ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. 3 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ 100 ಕಿಲೋಹರ್ಟ್ಸ್‌ನಲ್ಲಿ ಅದು ಅರ್ಧ ಮೆಗಾಓಮಿಗೂ ಹೆಚ್ಚು, 7 ಮೆಗಾಹರ್ಟ್ಸ್‌ನಲ್ಲಿ ಸುಮಾರು 7.6 ಕಿಲೋಓಮ್, 200 ಮೆಗಾಹರ್ಟ್ಸ್‌ನಲ್ಲಿ ಬರೀ 265 ಓಮ್. ತಾಮ್ರದ ಹೊದಿಕೆಯ ಬೋರ್ಡನ್ನು ಗ್ರೌಂಡಾಗಿ ಬಳಸಿ, ಗ್ರೌಂಡಿಗೆ ಹೋಗುವ ಪ್ರತಿಯೊಂದು ಕಾಲನ್ನೂ ನೇರವಾಗಿ ತಾಮ್ರಕ್ಕೇ ಬೆಸುಗೆ ಹಾಕಿರಿ. ಉಳಿದ ಕೂಡುಗಳಿಗೆ ಅದೇ ಬೋರ್ಡಿನ ಸಣ್ಣ ಚೂರುಗಳನ್ನು ಕತ್ತರಿಸಿ ಮೇಲೆ ಅಂಟಿಸಿಕೊಳ್ಳಬಹುದು. 8ನೆಯ ಪಿನ್ನಿಗೆ ಪೂರೈಕೆ, 3ನೆಯದು ಗ್ರೌಂಡ್, ಇವೆರಡರ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಐಸಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಹಾಕಿರಿ.

ಇನ್‌ಪುಟ್ ಕಾಯಿಲಿಗೆ ಟಿ50-2 ಎಂಬ ಕೆಂಪು ಟೊರಾಯ್ಡ್ ಉಂಗುರದ ಮೇಲೆ 30 ಸುತ್ತು ಸುತ್ತಿ, ಗ್ರೌಂಡ್ ಬದಿಯಿಂದ ಹತ್ತನೆಯ ಸುತ್ತಿನಲ್ಲಿ ಒಂದು ಕವಲು ತೆಗೆಯಿರಿ. ತಂತಿ ಉಂಗುರದ ಒಳಗೆ ಒಮ್ಮೆ ಹಾದರೆ ಒಂದು ಸುತ್ತು ಎಂದು ಎಣಿಸಬೇಕು. ಇದರಿಂದ ಸುಮಾರು 4.4 ಮೈಕ್ರೋಹೆನ್ರಿ ಬರುತ್ತದೆ. ಅದು 7.1 ಮೆಗಾಹರ್ಟ್ಸ್‌ನಲ್ಲಿ ಅನುರಣಿಸಲು 114 ಪಿಕೋಫ್ಯಾರಡ್ ಬೇಕು, ಆದ್ದರಿಂದ 82 ಪಿಕೋಫ್ಯಾರಡ್‌ನ ಸ್ಥಿರ ಕೆಪಾಸಿಟರಿಗೆ 60 ಪಿಕೋಫ್ಯಾರಡ್‌ವರೆಗಿನ ಟ್ರಿಮ್ಮರನ್ನು ಸಮಾಂತರವಾಗಿ ಹಾಕಿರಿ. ಆಂಟೆನಾಕ್ಕಾಗಿ ಅದೇ ಉಂಗುರದ ಮೇಲೆ ಪ್ರತ್ಯೇಕವಾಗಿ 3 ಸುತ್ತು ಸಾಕು. ಕವಲಿನಿಂದ 0.01 ಮೈಕ್ರೋಫ್ಯಾರಡ್ ಮೂಲಕ 1ನೆಯ ಪಿನ್ನಿಗೆ ಸಂಕೇತ ಕೊಟ್ಟು, 2ನೆಯ ಪಿನ್ನಿನಿಂದ ಗ್ರೌಂಡಿಗೆ ಇನ್ನೊಂದು 0.01 ಮೈಕ್ರೋಫ್ಯಾರಡ್ ಹಾಕಿರಿ. ಈ ಎರಡು ಪಿನ್‌ಗಳು ಮೊದಲ ಕಟ್ಟೋಣದ 5 ಮತ್ತು 6ರ ಬೇಸ್‌ಗಳೇ. ಅವುಗಳ ಸ್ಥಿರ ವೋಲ್ಟೇಜ್ ಐಸಿಯ ಒಳಗೇ ಬರುವುದರಿಂದ ಹೊರಗಿನ ಯಾವ ರೋಧವೂ ಅವನ್ನು ನೇರವಾಗಿ ಗ್ರೌಂಡಿಗೆ ಎಳೆಯಬಾರದು.

ಎಸ್‌ಐ5351 ಮಾಡ್ಯೂಲನ್ನು ಈಗ 7 ಮೆಗಾಹರ್ಟ್ಸ್‌ಗೆ ಹೊಂದಿಸಿ, ಹಿಂದಿನ 1 ಕಿಲೋಓಮ್ ಮತ್ತು 100 ಓಮ್ ವಿಭಜಕದಿಂದಲೇ 0.01 ಮೈಕ್ರೋಫ್ಯಾರಡ್ ಮೂಲಕ 6ನೆಯ ಪಿನ್ನಿಗೆ ಕೊಡಿರಿ. 7ನೆಯ ಪಿನ್ನನ್ನು ಹಾಗೆಯೇ ಬಿಡಬೇಕು. ಈ ಐಸಿಗೆ ಕನಿಷ್ಠ 200 ಮಿಲಿವೋಲ್ಟ್ ಏರಿಳಿತ ಬೇಕು, 300ರಷ್ಟಿದ್ದರೆ ಸಾಕು. ಹೆಚ್ಚು ಕೊಟ್ಟರೆ ಲಾಭವೇನೂ ಇಲ್ಲ, ಸೋರಿಕೆ ಮಾತ್ರ ಹೆಚ್ಚುತ್ತದೆ.

4 ಮತ್ತು 5ನೆಯ ಪಿನ್‌ಗಳ ಒಳಗೆ ತಲಾ 1.5 ಕಿಲೋಓಮ್ ರೋಧಗಳಿವೆ. ಇವೆರಡು ಪಿನ್‌ಗಳ ನಡುವೆ 22 ನ್ಯಾನೋಫ್ಯಾರಡ್ ಹಾಕಿದರೆ 2.4 ಕಿಲೋಹರ್ಟ್ಸ್‌ಗಿಂತ ಮೇಲಿನ ಧ್ವನಿ ಕ್ರಮೇಣ ತಗ್ಗುತ್ತದೆ, ಮಾತಿಗೆ ಅಷ್ಟು ಸಾಕು. ಅಲ್ಲಿಂದ ತಲಾ 0.1 ಮೈಕ್ರೋಫ್ಯಾರಡ್ ಮೂಲಕ ಎಲ್‌ಎಂ386 ಎಂಬ ಧ್ವನಿವರ್ಧಕ ಐಸಿಯ 2 ಮತ್ತು 3ನೆಯ ಪಿನ್‌ಗಳಿಗೆ ಹೋಗಿರಿ. ಅದರ 1 ಮತ್ತು 8ರ ನಡುವೆ 10 ಮೈಕ್ರೋಫ್ಯಾರಡ್ ಹಾಕಿದರೆ ವರ್ಧನೆ 200 ಪಟ್ಟಾಗುತ್ತದೆ. 5ನೆಯ ಪಿನ್ನಿನಿಂದ 220 ಮೈಕ್ರೋಫ್ಯಾರಡ್ ಮೂಲಕ ಸ್ಪೀಕರಿಗೆ, ಅದೇ ಪಿನ್ನಿನಿಂದ ಗ್ರೌಂಡಿಗೆ 10 ಓಮ್ ಮತ್ತು 0.047 ಮೈಕ್ರೋಫ್ಯಾರಡ್ ಸರಣಿಯಲ್ಲಿ. 6ನೆಯ ಪಿನ್ನಿಗೆ 9 ವೋಲ್ಟ್, 4ನೆಯದು ಗ್ರೌಂಡ್, 7ರಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್.

ಆಂಟೆನಾ ಸೇರಿಸುವ ಮೊದಲು ಮಲ್ಟಿಮೀಟರಿನಿಂದ ಎಸ್‌ಎ612ನ್ನು ಪರೀಕ್ಷಿಸಿರಿ. 1 ಮತ್ತು 2ನೆಯ ಪಿನ್‌ಗಳಲ್ಲಿ ಸುಮಾರು 1.4 ವೋಲ್ಟ್ ಇದ್ದು ಅವೆರಡೂ ಸಮವಾಗಿರಬೇಕು. 4 ಮತ್ತು 5 ಪೂರೈಕೆಗಿಂತ ಒಂದು ವೋಲ್ಟಿನಷ್ಟು ಕೆಳಗಿದ್ದು ತಮ್ಮೊಳಗೆ ಸಮವಾಗಿರಬೇಕು. ಒಂದು ಜೋಡಿ ಗಮನಾರ್ಹವಾಗಿ ಅಸಮವಾಗಿದ್ದರೆ ಬೆಸುಗೆ ತಪ್ಪಿದೆ, ಇಲ್ಲವೇ ಐಸಿ ನಕಲಿ. ಹಳೆಯ ಐಸಿಗಳ ಹೆಸರನ್ನು ಬೇರೆ ಚಿಪ್ಪಿನ ಮೇಲೆ ಅಚ್ಚೊತ್ತಿ ಮಾರುವುದು ಮಾರುಕಟ್ಟೆಯಲ್ಲಿ ಅಪರೂಪವಲ್ಲ.

ಹತ್ತು ಮೀಟರ್ ತಂತಿಯನ್ನು ಆಂಟೆನಾವಾಗಿ ಕಟ್ಟಿ, ಸದ್ದು ಅತಿ ಹೆಚ್ಚಾಗುವಂತೆ ಟ್ರಿಮ್ಮರನ್ನು ತಿರುಗಿಸಿರಿ. ಭಾರತದಲ್ಲಿ ಹವ್ಯಾಸಿ ರೇಡಿಯೊದ ಈ ಪಟ್ಟಿ 7.000ರಿಂದ 7.200 ಮೆಗಾಹರ್ಟ್ಸ್‌ವರೆಗೆ ಇದೆ. ಮಾಡ್ಯೂಲಿನ ಆವರ್ತನವನ್ನು ನೂರು ಹರ್ಟ್ಸ್‌ನ ಹೆಜ್ಜೆಗಳಲ್ಲಿ ಬದಲಿಸುತ್ತ ಹೋದರೆ ಮೊದಲು ಕೀರಲಾಗಿ ಕೇಳುವ ದನಿ ಒಂದು ಹೆಜ್ಜೆಯಲ್ಲಿ ಮನುಷ್ಯರ ಮಾತಾಗುತ್ತದೆ. ನಿಲ್ದಾಣದವರು ಕಳಿಸದೆ ಅಡಗಿಸಿಟ್ಟ ವಾಹಕದ ಜಾಗಕ್ಕೆ ನಿಮ್ಮ ಆಸಿಲೇಟರ್ ಬಂದು ನಿಂತಿದೆ, ಕೋಶವು ಎರಡನ್ನೂ ಗುಣಿಸಿ ವ್ಯತ್ಯಾಸವನ್ನು ಧ್ವನಿಯಾಗಿ ಕೊಡುತ್ತಿದೆ. ಮೊದಲ ಕಟ್ಟೋಣದಲ್ಲಿ ಧ್ವನಿಯನ್ನು ಮೇಲಕ್ಕೆ ಏರಿಸಿದ ಅದೇ ಗುಣಾಕಾರ ಇಲ್ಲಿ ಅದನ್ನು ಕೆಳಕ್ಕೆ ಇಳಿಸುತ್ತದೆ.

ಸಂಜೆಯಾದ ಮೇಲೆ ಒಂದು ತೊಂದರೆ ಎದುರಾಗಬಹುದು. 7.200ರಿಂದ ಮೇಲಿನ ಪ್ರಬಲ ಪ್ರಸಾರ ನಿಲ್ದಾಣಗಳು ನೀವು ಎಲ್ಲಿಗೆ ಹೊಂದಿಸಿದರೂ ಹಿನ್ನೆಲೆಯಲ್ಲಿ ಕೇಳುತ್ತಲೇ ಇರುತ್ತವೆ. ಎಸ್‌ಎ612ರ ಕೆಳಜೋಡಿ ಕೆಲವೇ ಮಿಲಿವೋಲ್ಟ್‌ಗಳವರೆಗೆ ನೇರವಾಗಿರುವುದೇ ಇದಕ್ಕೆ ಕಾರಣ. ಮೊದಲು ಹೇಳಿದ ಬಾಗು ಇಲ್ಲಿ ಕಿವಿಗೆ ಕೇಳುತ್ತಿದೆ. ಆಂಟೆನಾಕ್ಕೆ 1 ಕಿಲೋಓಮ್ ಪೊಟೆನ್ಷಿಯೋಮೀಟರ್ ಹಾಕಿ ಸಂಕೇತವನ್ನೇ ತಗ್ಗಿಸಿದರೆ ಬೇಡದ ಸದ್ದು ಬೇಕಾದುದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಆಂಟೆನಾ ಮತ್ತು ಐಸಿಯ ನಡುವೆ ವರ್ಧಕ ಸೇರಿಸುವುದು ಈ ರೋಗಕ್ಕೆ ಔಷಧವಲ್ಲ, ಅದು ರೋಗವನ್ನು ಉಲ್ಬಣಗೊಳಿಸುತ್ತದೆ.

ಸೋರಿಕೆಯನ್ನು ಅಳೆಯುವುದು

ಕೋಶದ ಸಮತೋಲ ಎಷ್ಟೇ ಚೆನ್ನಾಗಿದ್ದರೂ ಆಸಿಲೇಟರಿನ ಸ್ವಲ್ಪ ಭಾಗ ಹಿಂದಕ್ಕೆ ಸೋರಿ ಆಂಟೆನಾದಿಂದ ಹೊರಹೋಗುತ್ತದೆ. ಪರವಾನಗಿ ಇಲ್ಲದೆ ಕೇಳುವವರಾಗಿ ನಾವು ಗಾಳಿಗೆ ಏನನ್ನೂ ಬಿಡಬಾರದು, ಆದ್ದರಿಂದ ಈ ಅಳತೆಯನ್ನು ತಪ್ಪದೆ ಮಾಡಿರಿ. ಇದಕ್ಕೆ ಅನಲಾಗ್ ಡಿವೈಸಸ್ ಕಂಪನಿಯ ಎಡಿ8307 ಐಸಿ ಒಳ್ಳೆಯ ಸಾಧನ. ಗಿಲ್ಬರ್ಟ್ ತಮ್ಮ ವೃತ್ತಿಜೀವನದ ಬಹುಭಾಗವನ್ನು ಕಳೆದದ್ದು ಆ ಕಂಪನಿಯಲ್ಲಿಯೇ, ಮತ್ತು ಲಾಗರಿದಮ್ ಆಂಪ್ಲಿಫೈಯರ್‌ಗಳು ಅಲ್ಲಿ ಅವರು ಬೆಳೆಸಿದ ಇನ್ನೊಂದು ಮುಖ್ಯ ಸಂತತಿ. ಇದು 500 ಮೆಗಾಹರ್ಟ್ಸ್‌ವರೆಗಿನ ಸಂಕೇತದ ಶಕ್ತಿಯನ್ನು 92 ಡೆಸಿಬೆಲ್ ವ್ಯಾಪ್ತಿಯಲ್ಲಿ ಅಳೆದು, ಪ್ರತಿ ಡೆಸಿಬೆಲಿಗೆ 25 ಮಿಲಿವೋಲ್ಟಿನಂತೆ ಸ್ಥಿರ ವೋಲ್ಟೇಜಾಗಿ ಕೊಡುತ್ತದೆ, ಅದನ್ನು ಸಾಮಾನ್ಯ ಮಲ್ಟಿಮೀಟರಿನಲ್ಲಿ ಓದಬಹುದು.

ಸಿದ್ಧ ಮಾಡ್ಯೂಲಿಗೆ 5 ವೋಲ್ಟ್ ಕೊಟ್ಟು, ಅದರ ಇನ್‌ಪುಟ್ಟಿಗೆ ಸುಮಾರು 52 ಓಮ್ ರೋಧ ಇದೆಯೇ ಎಂದು ಖಚಿತಪಡಿಸಿಕೊಂಡು, ಆಂಟೆನಾವನ್ನು ಬಿಚ್ಚಿ ಅದರ ಜಾಗಕ್ಕೆ ಮಾಡ್ಯೂಲನ್ನು ಜೋಡಿಸಿರಿ. ಓದಿದ ವೋಲ್ಟನ್ನು 0.025ರಿಂದ ಭಾಗಿಸಿ 84ನ್ನು ಕಳೆದರೆ ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿದ ಡೆಸಿಬೆಲ್) ಲೆಕ್ಕದಲ್ಲಿ ಶಕ್ತಿ ಸಿಗುತ್ತದೆ. ಮೀಟರು 1.10 ವೋಲ್ಟ್ ತೋರಿಸಿದರೆ ಸೋರಿಕೆ ಋಣ 40 ಡಿಬಿಎಂ, ಅಂದರೆ ಒಂದು ಮೈಕ್ರೋವ್ಯಾಟಿನ ಹತ್ತನೆಯ ಒಂದು ಭಾಗ. ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚಿದ್ದರೆ ಕೋಶವನ್ನು ದೂರುವ ಮೊದಲು ತಂತಿಗಳನ್ನು ನೋಡಿರಿ. ಎಸ್‌ಐ5351 ಮಾಡ್ಯೂಲಿನಿಂದ ಬರುವ ತಂತಿಯನ್ನು ಕೋಆಕ್ಸಿಯಲ್ ಕೇಬಲಿಗೆ ಬದಲಿಸಿ, ವಿಭಜಕವನ್ನು 6ನೆಯ ಪಿನ್ನಿನ ಬಳಿಗೆ ತಂದು, ಆಸಿಲೇಟರ್ ಮತ್ತು ಇನ್‌ಪುಟ್ ಕಾಯಿಲಿನ ನಡುವೆ ತಾಮ್ರದ ಬೋರ್ಡಿನ ಒಂದು ತುಂಡನ್ನು ಗೋಡೆಯಂತೆ ನಿಲ್ಲಿಸಿ ಗ್ರೌಂಡಿಗೆ ಬೆಸೆದು ಮತ್ತೆ ಅಳೆಯಿರಿ. ಪ್ರತಿ ಬದಲಾವಣೆಯ ನಂತರದ ಅಳತೆಯನ್ನೂ ಬರೆದಿಟ್ಟುಕೊಂಡರೆ ಯಾವ ತಂತಿ ಎಷ್ಟು ಡೆಸಿಬೆಲ್ ಸೋರಿಸುತ್ತಿತ್ತು ಎಂಬುದು ಆ ಹಾಳೆಯಲ್ಲಿಯೇ ಕಾಣುತ್ತದೆ.